ದೋಸೆ ತಿನ್ನುವಾಗಲೂ ಲೆಕ್ಕ

ಪ್ರಶ್ನೆ: ವಯಸ್ಸು 44. ದಾವಣಗೆರೆಯಲ್ಲಿ ಲೆಕ್ಕಪರಿಶೋಧಕಿ. ಕಚೇರಿ ಚೆನ್ನಾಗಿ ನಡೆಯುತ್ತಿದೆ. ಆದರೆ ಭಾನುವಾರ ಬಂತೆಂದರೆ ತಲೆನೋವು. ಹೋದ ವಾರ ಮನೆಯವರು ಬಲವಂತವಾಗಿ ಬೆಣ್ಣೆ ದೋಸೆಗೆ ಕರೆದುಕೊಂಡು ಹೋದರು. ತಿಂದು ಮುಗಿಸುವಷ್ಟರಲ್ಲಿ ಆ ಹೋಟೆಲಿನ ದಿನದ ವಹಿವಾಟನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ದೋಸೆ ಹೇಗಿತ್ತೆಂದು ಮಗಳು ಕೇಳಿದರೆ ನೆನಪೇ ಇಲ್ಲ! ಅಪ್ಪ ಹತ್ತಿ ಮಿಲ್ಲಿನಲ್ಲಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಮಿಲ್ಲು ಮುಚ್ಚಿತು. ಸುಮ್ಮನೆ ಕೂತರೆ ಏನೋ ತಪ್ಪು ಮಾಡಿದಂತೆ ಅನಿಸುತ್ತದೆ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ಮಿಲ್ಲಿನ ಮಾತನ್ನು ನೀವು ಕೊನೆಯಲ್ಲಿ ಹಾಗೇ ತೇಲಿಸಿ ಬರೆದಿದ್ದೀರಿ. ನನಗೆ ಪತ್ರದ ಗಂಟು ಅಲ್ಲೇ ಇದೆ ಅನಿಸಿತು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನಲ್ಲಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದಾಗ, ದುಡಿಯುವ ಗಂಡಸು ನಡುಮಧ್ಯಾಹ್ನ ಮನೆಯ ಕಟ್ಟೆಯ ಮೇಲೆ ಕೂತಿರುವುದನ್ನು ಎಷ್ಟೋ ಮಕ್ಕಳು ಮೊದಲ ಸಲ ಕಂಡರು. ಆ ಮನೆಗಳಲ್ಲಿ ಖಾಲಿ ಕೈ ಎಂದರೆ ಅಕ್ಕಿ ಡಬ್ಬಿಯ ಚಿಂತೆ. ನೀವು ಹಗಲಿರುಳು ದುಡಿದು ಆ ಕಟ್ಟೆಯಿಂದ ದೂರ ಬಂದಿರಿ. ಈಗ ಭಾನುವಾರ ಅದರ ಮೇಲೆಯೇ ಕೂರು ಎಂದರೆ ಮೈ ಒಪ್ಪುವುದಾದರೂ ಹೇಗೆ?

ಕೆಲಸ ಮುಗಿದ ಮೇಲೆ ವಿಶ್ರಾಂತಿ ಎಂದುಕೊಂಡಿದ್ದರೆ ಅದು ಆಗದ ಮಾತು. ತಿಂಗಳ 20ರ ಜಿಎಸ್‌ಟಿ ಮುಗಿದರೆ ಸೆಪ್ಟೆಂಬರ್ 30ರ ಆಡಿಟ್ ವರದಿ ಕಾದಿರುತ್ತದೆ, ನನಗಿಂತ ನಿಮಗೇ ಗೊತ್ತು. ಕಾಯಕವೇ ಕೈಲಾಸ ಎಂದ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟೇಕೆ, ಇದ್ದಲ್ಲಿಗೇ ಸುರಿದು ಬನ್ನಿ ಎಂದವಳು ಹೆಂಡತಿ ಲಕ್ಕಮ್ಮ. ನಾವು ಮಾರಯ್ಯನ ಮಾತನ್ನು ಗೋಡೆಗೆ ಬರೆಸಿದೆವು, ಲಕ್ಕಮ್ಮನನ್ನು ಮರೆತೆವು.

ತಲೆನೋವಿನ ವಿಷಯ. ವಾರವಿಡೀ ಬಿಗಿಹಿಡಿದ ಒತ್ತಡ ಒಮ್ಮೆಲೇ ಸಡಿಲವಾದಾಗ ಕೆಲವರಿಗೆ ತಲೆ ಸಿಡಿಯುವುದುಂಟು. ಭಾನುವಾರ ತಡವಾಗಿ ಎದ್ದು ಕಾಫಿಯೂ ತಡವಾದರೆ ಅದೂ ಸೇರಿಕೊಳ್ಳುತ್ತದೆ. ಏಳುವ ಹೊತ್ತು, ಕಾಫಿಯ ಹೊತ್ತು ಬದಲಿಸದೆ ಎರಡು ವಾರ ನೋಡಿ. ರಕ್ತದೊತ್ತಡವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ನೋವು ನಿಲ್ಲದಿದ್ದರೆ, ನಿದ್ದೆಯೂ ಕೆಟ್ಟಿದ್ದರೆ ವೈದ್ಯರ ಬಳಿ ಹೋಗಿ.

ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಾಗುತ್ತದೆ ಎಂದು ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ 1927ರಲ್ಲೇ ಬರೆದರು. ಶನಿವಾರ ಸಂಜೆ ಕಚೇರಿಯ ಬೀಗ ಹಾಕುವ ಮುನ್ನ ಉಳಿದದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ, ಪ್ರತಿಯೊಂದರ ಮುಂದೆ ಸೋಮವಾರ ಮೊದಲು ಏನು ಮಾಡಬೇಕೆಂಬುದನ್ನೂ ಸೇರಿಸಿ. ಹಾಳೆ ಮೇಜಿನ ಡ್ರಾಯರಿನಲ್ಲೇ ಇರಲಿ, ಮನೆಗೆ ತರಬೇಡಿ.

ಇಡೀ ಭಾನುವಾರದ ಗೊಡವೆ ಈಗಲೇ ಬೇಡ. ಇಪ್ಪತ್ತು ನಿಮಿಷ ಸಾಕು. ಕಣ್ಣು ಮುಚ್ಚಿ ಕೂರು ಎಂದು ನಿಮ್ಮಂಥವರಿಗೆ ಹೇಳುವುದು ಶಿಕ್ಷೆ. ಕೈಗೆ ಏನಾದರೂ ಕೊಡಿ: ಮಗಳ ಜೊತೆ ಅವರೆಕಾಯಿ ಸುಲಿಯಿರಿ, ಅಂಗಳದಲ್ಲಿ ರಂಗೋಲಿ ಹಾಕಿ. ಕುಂದವಾಡ ಕೆರೆಯ ಏರಿಯ ಮೇಲೆ ನಡೆಯುವುದಾದರೆ ಮೊಬೈಲ್ ಮನೆಯಲ್ಲಿರಲಿ. ಇಲ್ಲದಿದ್ದರೆ ಹೆಜ್ಜೆ ಎಣಿಸಿ ಅದಕ್ಕೂ ಒಂದು ಗುರಿ ಇಟ್ಟುಕೊಳ್ಳುತ್ತೀರಿ, ನಿಮ್ಮ ಜಾತಕ ನನಗೆ ಗೊತ್ತು. ಮೊದಲ ವಾರಗಳಲ್ಲಿ ಚಡಪಡಿಕೆ ಆಗಿಯೇ ಆಗುತ್ತದೆ. ಅದನ್ನು ಸೋಲೆಂದು ಬರೆದುಕೊಳ್ಳಬೇಡಿ.

ತಂದೆಯವರು ಇದ್ದರೆ ಒಂದು ಸಂಜೆ ಅವರ ಪಕ್ಕದಲ್ಲಿ ಕೂತು, ಮಿಲ್ಲು ಮುಚ್ಚಿದ ವರ್ಷ ಆ ಮಧ್ಯಾಹ್ನಗಳಲ್ಲಿ ಏನು ಯೋಚಿಸುತ್ತಿದ್ದರೆಂದು ಕೇಳಿ.