ಮಳೆಗಾಲದಲ್ಲಿ ನಡಿಗೆ ನಿಂತರೆ

ಪ್ರಶ್ನೆ: ತೀರ್ಥಹಳ್ಳಿ ಕಡೆಯವಳು, ವಯಸ್ಸು 48. ಜೂನ್ ಬಂತೆಂದರೆ ಮಳೆ, ಪಾಚಿ, ಇಂಬಳ (ಜಿಗಣೆ). ನಡಿಗೆ ನಿಂತೇ ಹೋಗುತ್ತದೆ. ಮನೆಯಲ್ಲಿ ಕಡುಬು, ಹಪ್ಪಳ ತಪ್ಪುವುದಿಲ್ಲ. ತೂಕ ಏರುತ್ತಿದೆ. ಏನು ಮಾಡಲಿ?

ಉತ್ತರ: ಅಂಗಳಕ್ಕೆ ಇಳಿಯಲೇಬೇಡಿ, ಜಗಲಿಯೇ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ. ಒಂದೇ ಸಲಕ್ಕೆ ಆಗಬೇಕೆಂದಿಲ್ಲ. ತಿಂಡಿ, ಎರಡು ಊಟ, ಪ್ರತಿಯೊಂದರ ನಂತರ 10 ನಿಮಿಷ ಚುರುಕಾಗಿ ನಡೆಯಿರಿ. ಐದು ದಿನಕ್ಕೆ ಲೆಕ್ಕ ಚುಕ್ತಾ. ಊಟವಾದ ಮೇಲೆ ನಡೆದರೆ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುವುದರಿಂದ ಅದು ಅಷ್ಟಾಗಿ ಏರುವುದಿಲ್ಲ.

ಜೊತೆಗೆ ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಕೈಯೂರದೆ 10 ಸಲ ಎದ್ದು ಕೂರಿ. ಧೊಪ್ಪನೆ ಕೂರುವುದೇ ಎಲ್ಲರೂ ಮಾಡುವ ತಪ್ಪು. ಮೂರು ಎಣಿಸುತ್ತ ಇಳಿಯಿರಿ, ಮಂಡಿಗಳು ಒಳಕ್ಕೆ ವಾಲದಿರಲಿ. ಒದ್ದೆ ಕಾಲಲ್ಲಿ ಮಾತ್ರ ಬೇಡ, ಗಾರೆ ನೆಲ ಜಾರುತ್ತದೆ.

ಕಡುಬನ್ನು ದೂರಬೇಡಿ, ಅದು ಹಬೆಯಲ್ಲಿ ಬೆಂದದ್ದು. ಆದರೆ ಅಕ್ಕಿ ಅಕ್ಕಿಯೇ: ಎರಡಕ್ಕೆ ನಿಲ್ಲಿಸಿ, ಒಂದು ಬಟ್ಟಲು ಮೊಳಕೆ ಹುರುಳಿಯ ಪಲ್ಯ ಹಾಕಿಕೊಳ್ಳಿ. ಹಪ್ಪಳ ಕೆಂಡದಲ್ಲಿ ಸುಡಿ. ಒಂದು ಟೀ ಚಮಚ ಎಣ್ಣೆಯಲ್ಲೇ ಸುಮಾರು 40 ಕ್ಯಾಲೊರಿ ಇದೆ. ಹಪ್ಪಳ ಇದ್ದ ದಿನ ಅಪ್ಪೆಮಿಡಿ ಉಪ್ಪಿನಕಾಯಿ ಬೇಡ, ಎರಡರಲ್ಲೂ ಉಪ್ಪು ಜಾಸ್ತಿ.

ಕಳಲೆ (ಎಳೆ ಬಿದಿರು) ಧಾರಾಳವಾಗಿ ತಿನ್ನಿ. ನಾರು ಹೆಚ್ಚು, ಕ್ಯಾಲೊರಿ ಕಡಿಮೆ. ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಿ ನೀರು ಬಸಿಯಿರಿ. ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ಅಂಶವಿದೆ, ಅವಸರ ಮಾಡಬೇಡಿ.