20 ಕಿಲೋವ್ಯಾಟ್ ಲೇಸರ್‌ಗೆ 60 ಕಿಲೋವ್ಯಾಟ್ ಜನರೇಟರ್ ಬೇಕೇ?

ಡ್ರೋನ್ ಹೊಡೆಯುವ 20 ಕಿಲೋವ್ಯಾಟ್ ಲೇಸರ್ ಇರುವ ಪ್ಯಾಲೆಟ್ (ಉಪಕರಣ ಜೋಡಿಸಿ ಸಾಗಿಸುವ ಹಲಗೆ), 60 ಕಿಲೋವ್ಯಾಟ್ ಜನರೇಟರ್‌ನಿಂದಾಗಿ ಸಾಗಿಸಲಾರದಷ್ಟು ಭಾರವಾಗಿದೆ ಎಂದಿದ್ದೀರಿ. ಬಹುಶಃ ಲೇಸರ್ ಸದಾ ಉರಿಯುತ್ತಿರುತ್ತದೆ ಎಂದು ಲೆಕ್ಕ ಹಾಕಿದ್ದೀರಿ. ಒಂದು ಹೊಡೆತಕ್ಕೆ 10 ಸೆಕೆಂಡ್ ಹಿಡಿಯಿರಿ. ಫೈಬರ್ ಲೇಸರ್ (ಗಾಜಿನ ಎಳೆಯಲ್ಲಿ ಕಿರಣ ಹುಟ್ಟಿಸುವ ಲೇಸರ್) ಪಡೆದ ವಿದ್ಯುತ್ತಿನ ಮೂರನೇ ಒಂದು ಭಾಗವನ್ನು ಕಿರಣವಾಗಿಸುತ್ತದೆ ಎಂದುಕೊಂಡರೆ ಬೇಕಾದದ್ದು 600 ಕಿಲೋಜೂಲ್, ಅಂದರೆ 0.17 ಯೂನಿಟ್ ಕರೆಂಟ್ ಅಷ್ಟೇ. ಅದನ್ನು ಲಿಥಿಯಂ ಬ್ಯಾಟರಿಯಿಂದ ಕೊಡಿ. 10 ಕಿಲೋವ್ಯಾಟ್ ಜನರೇಟರ್ ಸುಮಾರು ಒಂದು ನಿಮಿಷದಲ್ಲಿ ಮತ್ತೆ ತುಂಬುತ್ತದೆ (ಚಿಲ್ಲರ್, ಅಂದರೆ ತಂಪುಮಾಡುವ ಯಂತ್ರದ ಹೊರೆ ಬೇರೆ ಸೇರಿಸಿ).

ಆಮೇಲೆ ಶಾಖ ನೋಡಿ, ನಿಜವಾದ ಮಿತಿ ಇದೇ. 400 ಕಿಲೋಜೂಲ್ ಶಾಖವಾಗಿ ಉಳಿಯುತ್ತದೆ. ತಂಪುಮಾಡುವ ತೊಟ್ಟಿಯಲ್ಲಿನ 20 ಕೆಜಿ ನೀರು-ಗ್ಲೈಕಾಲ್ ಮಿಶ್ರಣ ಪ್ರತಿ ಹೊಡೆತಕ್ಕೆ ಸುಮಾರು 6 ಡಿಗ್ರಿ ಏರುತ್ತದೆ. ಪಂಪ್ ಡಯೋಡ್ (ಲೇಸರ್‌ಗೆ ಬೆಳಕು ಊಡಿಸುವ ಭಾಗ) ಬಿಸಿಯಾದರೆ ಅದರ ಬೆಳಕಿನ ತರಂಗಾಂತರ ಸರಿದು ಕಿರಣದ ಬಲ ಕುಸಿಯುತ್ತದೆ. ಸತತವಾಗಿ ಎಷ್ಟು ಹೊಡೆತ ಬೇಕೆಂದು ಮೊದಲು ನಿಗದಿಮಾಡಿ, ಅದರ ಮೇಲೆ ತೊಟ್ಟಿಯ ಗಾತ್ರ, ಜನರೇಟರ್ ಕೊನೆಗೆ.