ಪುಟ್ಟಣ್ಣ ಕಣಗಾಲ್ ಸಿನಿಮಾಗಳಲ್ಲಿ ಅಂಥದ್ದೇನಿದೆ?

ನೀವು ಕೇಳಿರೋದು ಇಷ್ಟು: ಮನೇಲಿ ದೊಡ್ಡೋರೆಲ್ಲ ಪುಟ್ಟಣ್ಣ ಪುಟ್ಟಣ್ಣ ಅಂತಾರೆ, ನಾನು ಎರಡು ಸಿನಿಮಾ ನೋಡ್ದೆ, ಬರೀ ಹಾಡು, ಅಳು, ಜೋರು ಜೋರು ಡೈಲಾಗು, ಇದ್ರಲ್ಲಿ ಬೇರೆ ಥರದ್ದು ಅಂತ ಏನಿದೆ, ನೋಡೋದಾದ್ರೆ ಯಾವುದರಿಂದ ಶುರು ಮಾಡ್ಲಿ ಅಂತ. ಒಳ್ಳೆ ಪ್ರಶ್ನೆ, ಯಾಕಂದ್ರೆ ಅವರ ಬಗ್ಗೆ ನಮ್ಮಲ್ಲಿ ಹೊಗಳಿಕೆ ಜಾಸ್ತಿ, ಏನು ಮಾಡಿದ್ರು ಅಂತ ಬಿಡಿಸಿ ಹೇಳೋರು ಕಮ್ಮಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲಿಗೆ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಹಾಡನ್ನೂ ಅಳುವನ್ನೂ ತೆಗೆದು ಪಕ್ಕಕ್ಕಿಟ್ಟು ಉಳಿದಿದ್ದರಲ್ಲಿ ಪುಟ್ಟಣ್ಣ ಅವರನ್ನ ಹುಡುಕಿದ್ರೆ ಅವರು ಸಿಗೋದೇ ಇಲ್ಲ. ಜನ ಯಾವುದಕ್ಕೆ ಟಿಕೆಟ್ ತಗೊಂಡು ಬರ್ತಿದ್ರೋ ಅದರ ಒಳಗಡೆನೇ ಅವರು ತಮಗೆ ಹೇಳ್ಬೇಕಾಗಿದ್ದನ್ನ ಇಟ್ರು, ಅದೂ ಆಗಿನ ಕಾಲಕ್ಕೆ ಮನೆಯೊಳಗೆ ಬಾಯಿಬಿಟ್ಟು ಮಾತಾಡೋಕೂ ಆಗದೇ ಇದ್ದಂಥ ವಿಷಯಗಳನ್ನ.

ಕಾಲ ಯಾವುದು ನೋಡಿ. 1970ರಲ್ಲಿ 'ಸಂಸ್ಕಾರ' ಬಂತು, ಅದರಲ್ಲಿ ಹಾಡಿಲ್ಲ, ಸ್ಟಾರ್ ಇಲ್ಲ, ಅಲ್ಲಿಂದ ಕನ್ನಡದಲ್ಲಿ ಹೊಸ ಅಲೆ ಶುರುವಾಯ್ತು ಅಂತ ಎಲ್ಲರೂ ಹೇಳ್ತಾರೆ, ಸರೀನೇ. ಇನ್ನೊಂದು ಕಡೆ ರಾಜ್‌ಕುಮಾರ್ ಅವರ ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಸಿನಿಮಾಗಳು ಊರೂರಲ್ಲೂ ಓಡ್ತಿದ್ವು. ಪುಟ್ಟಣ್ಣ ಬಂದಿದ್ದು ಈ ಎರಡನೇ ಕಡೆಯಿಂದ. ಪಿರಿಯಾಪಟ್ಟಣ ತಾಲೂಕಿನ ಕಣಗಾಲ್ ಅವರ ಊರು, 1933ರಲ್ಲಿ ಹುಟ್ಟಿದ್ದು, ಸಿನಿಮಾ ಕಲಿತಿದ್ದು ಬಿ.ಆರ್. ಪಂತುಲು ಅವರ ಹತ್ರ ಅಸಿಸ್ಟೆಂಟ್ ಆಗಿ, ಮದ್ರಾಸಿನಲ್ಲಿ. ಅಂದ್ರೆ ಸ್ಟುಡಿಯೋ, ಪ್ರೊಡ್ಯೂಸರ್, ಹಂಚಿಕೆದಾರ, ಥಿಯೇಟರ್, ಈ ವ್ಯವಸ್ಥೆ ಪೂರ್ತಿ ಗೊತ್ತಿದ್ದ ಮನುಷ್ಯ. ಡೈರೆಕ್ಟರ್ ಆಗಿ ಮೊದಲನೇ ಸಿನಿಮಾ ಮಲಯಾಳದಲ್ಲಿ, 1964ರ 'ಸ್ಕೂಲ್ ಮಾಸ್ಟರ್'. ಕನ್ನಡದಲ್ಲಿ 1967ರ 'ಬೆಳ್ಳಿಮೋಡ'.

ಈ 'ಬೆಳ್ಳಿಮೋಡ'ದಲ್ಲೇ ಅವರ ದಾರಿ ಗೊತ್ತಾಗುತ್ತೆ. ಕಥೆ ತ್ರಿವೇಣಿ ಅವರ ಕಾದಂಬರಿ. ಆಗ ಕಾದಂಬರಿ ಓದೋ ಹೆಂಗಸರ ದೊಡ್ಡ ಬಳಗಾನೇ ಇತ್ತು, ಮಧ್ಯಾಹ್ನ ಕೆಲಸ ಮುಗಿಸಿ ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ ಅವರನ್ನ ಓದೋರು, ಲೈಬ್ರರಿ ಪುಸ್ತಕ ಮನೆಯಿಂದ ಮನೆಗೆ ಹೋಗೋದು. ನಮ್ಮಜ್ಜಿ ಹಾಗೇ ಓದ್ತಿದ್ರು. ಪುಟ್ಟಣ್ಣ ಆ ಓದುಗರನ್ನ ಥಿಯೇಟರಿಗೆ ಕರ್ಕೊಂಡು ಬಂದ್ರು, ಇದು ಬಿಸಿನೆಸ್ ದೃಷ್ಟಿಯಿಂದಲೂ ಬುದ್ಧಿವಂತಿಕೆ, ಕಲೆ ದೃಷ್ಟಿಯಿಂದಲೂ. ಕಥೆ ಏನಂದ್ರೆ ಎಸ್ಟೇಟ್ ಯಜಮಾನರ ಒಬ್ಬಳೇ ಮಗಳು ಇಂದಿರಾ, ಅವಳ ಜೊತೆ ಮದುವೆ ಮಾತಾಗಿರೋ ಹುಡುಗ ಅವರಪ್ಪನ ದುಡ್ಡಲ್ಲೇ ಅಮೆರಿಕಕ್ಕೆ ಓದೋಕೆ ಹೋಗ್ತಾನೆ, ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ತಾನೆ, ಆಸ್ತಿ ಅವನ ಪಾಲಾಗುತ್ತೆ ಅಂತ ಗೊತ್ತಾದ ಕೂಡ್ಲೇ ಹುಡುಗನ ಪ್ರೀತಿ ಆರಿಹೋಗುತ್ತೆ. ಆಮೇಲೆ ಅವನಿಗೇ ಪಶ್ಚಾತ್ತಾಪ ಆಗಿ ವಾಪಸ್ ಬಂದಾಗ ಇಂದಿರಾ ಬೇಡ ಅಂತಾಳೆ. ಹೀರೋಯಿನ್ ಹೀರೋನ ಬೇಡ ಅಂದು ಸಿನಿಮಾ ಮುಗಿಯೋದು, 1967ರಲ್ಲಿ, ಫ್ಯಾಮಿಲಿ ಆಡಿಯನ್ಸ್ ಮುಂದೆ! ಅದೇ ಸಿನಿಮಾದಲ್ಲಿ ಬೇಂದ್ರೆಯವರ 'ಮೂಡಲ ಮನೆಯ' ಹಾಡು ಇದೆ, ಬೆಳಗಿನ ಹೊತ್ತು, ಮಲೆನಾಡು, ವಿಜಯಭಾಸ್ಕರ್ ಸಂಗೀತ. ಕವಿತೇನ ಸಿನಿಮಾ ಹಾಡು ಮಾಡಿ ಜನರ ಬಾಯಲ್ಲಿ ಕೂರಿಸಿಬಿಟ್ರು.

ಆಮೇಲೆ 1969ರ 'ಗೆಜ್ಜೆಪೂಜೆ', ಎಂ.ಕೆ. ಇಂದಿರಾ ಅವರ ಕಾದಂಬರಿ. ವೇಶ್ಯೆ ಮನೆತನದಲ್ಲಿ ಹುಟ್ಟಿದ ಚಂದ್ರಾ ಎಲ್ಲರ ಥರ ಮದುವೆ ಆಗಿ ಸಂಸಾರ ಮಾಡ್ಬೇಕು ಅಂತ ಆಸೆಪಡ್ತಾಳೆ, ಅಷ್ಟೇ ಅವಳ ತಪ್ಪು. ಈ ಸಿನಿಮಾದ ಚಿತ್ರಕಥೆಗೆ ಪುಟ್ಟಣ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆದ್ರೆ ನನಗೆ ಪ್ರಶಸ್ತಿಗಿಂತ ದೊಡ್ಡದು ಅನ್ಸೋದು ಇನ್ನೊಂದು: ಆ ಮನೆ ಕಡೆ ತಲೆಯೆತ್ತಿ ನೋಡದೇ ಇದ್ದ ಗೃಹಿಣಿಯರು ಮೂರು ಗಂಟೆ ಕೂತು ಚಂದ್ರಾಗೋಸ್ಕರ ಅತ್ರು. ನೀವು 'ಅಳು' ಅಂತ ಬರ್ದಿದ್ದೀರಲ್ಲ, ಆ ಅಳು ಯಾರಿಗೋಸ್ಕರ ಅಂತ ಒಂದ್ಸಲ ಕೇಳ್ಕೊಳ್ಳಿ.

1971ರ 'ಶರಪಂಜರ' ಇವತ್ತಿಗೂ ನನ್ನನ್ನ ಅಲ್ಲಾಡಿಸೋ ಸಿನಿಮಾ. ಮತ್ತೆ ತ್ರಿವೇಣಿ ಅವರ ಕಾದಂಬರಿ, ನಾಯಕಿಯಾಗಿ ಮತ್ತೆ 'ಬೆಳ್ಳಿಮೋಡ', 'ಗೆಜ್ಜೆಪೂಜೆ'ಯ ಕಲ್ಪನಾ. ಕಾವೇರಿಗೆ ಎರಡನೇ ಹೆರಿಗೆ ಆದ್ಮೇಲೆ ಮನಸ್ಸು ಕೆಡುತ್ತೆ. ಇವತ್ತು ಬಾಣಂತನದ ಡಿಪ್ರೆಶನ್ ಅಂತ ಇನ್‌ಸ್ಟಾಗ್ರಾಮಲ್ಲಿ ರೀಲ್ಸ್ ಬರುತ್ತೆ, ಆಗ ಅದನ್ನ ದೆವ್ವ ಅಂತಲೋ ಹುಚ್ಚು ಅಂತಲೋ ಮುಚ್ಚಿಡ್ತಿದ್ರು. ಮದುವೆಗೆ ಮುಂಚೆ ನಡೆದಿದ್ದೊಂದು ಕಹಿ ಘಟನೆ ಅವಳ ಬಾಯಿಂದ ಹೊರಗೆ ಬರುತ್ತೆ, ಗಂಡನ ಮನಸ್ಸು ಮುರಿಯುತ್ತೆ. ಅವಳು ಆಸ್ಪತ್ರೆಯಿಂದ ಪೂರ್ತಿ ಗುಣ ಆಗಿ ಮನೆಗೆ ಬರ್ತಾಳೆ, ಮುಖ್ಯ ಕಥೆ ಶುರುವಾಗೋದೇ ಅಲ್ಲಿಂದ. ಮನೆಯವರು, ನೆಂಟರು, ಯಾರೂ ಅವಳನ್ನ ಸರಿಯಿರೋ ಮನುಷ್ಯಳು ಅಂತ ಒಪ್ಪಲ್ಲ, ಅವಳು ನಕ್ಕರೂ ಅನುಮಾನ, ಸುಮ್ನಿದ್ರೂ ಅನುಮಾನ, ಕೋಪ ಬಂದ್ರಂತೂ ಮುಗೀತು, ಮತ್ತೆ ಶುರುವಾಯ್ತು ಅಂತಾರೆ. ಗಂಡನಿಗೆ ಆಗಲೇ ಇನ್ನೊಬ್ಬಳ ಜೊತೆ ಸಂಬಂಧ. ಗುಣವಾದವಳನ್ನ ಸುತ್ತಲಿನವರೇ ಸೇರಿ ಮತ್ತೆ ಹುಚ್ಚಿಗೆ ತಳ್ಳೋ ಕಥೆ ಇದು. ಹೀರೋ ಅಂತ ಇರೋನೇ ಕಾರಣ, ವಿಲನ್ ಬೇರೆ ಇಲ್ಲ.

ಈಗ ಹಾಡಿನ ವಿಷಯ. ಆಸ್ಪತ್ರೆಯಿಂದ ಬಂದ ಕಾವೇರಿ 'ಹದಿನಾಲ್ಕು ವರ್ಷ ವನವಾಸದಿಂದ' ಅಂತ ಹಾಡ್ತಾಳೆ. ಸೀತೆ ಕಾಡಿಂದ ವಾಪಸ್ ಬಂದ ಹಾಡು. ಕಥೆ ಎಲ್ಲರಿಗೂ ಗೊತ್ತು, ವಾಪಸ್ ಬಂದ ಸೀತೆಗೆ ಮುಂದೆ ಏನಾಗುತ್ತೆ ಅನ್ನೋದೂ ಎಲ್ಲರಿಗೂ ಗೊತ್ತು. ಹಾಡ್ತಿರೋ ಕಾವೇರಿ ಖುಷಿಯಾಗಿದ್ದಾಳೆ, ಥಿಯೇಟರಲ್ಲಿ ಕೂತಿರೋ ನಿಮಗೆ ಮಾತ್ರ ಹೊಟ್ಟೆಯೊಳಗೆ ಸಂಕಟ. ಒಂದು ಪುಟ ಡೈಲಾಗ್ ಬರೆದ್ರೂ ಈ ಕೆಲಸ ಆಗಲ್ಲ. ಇದಕ್ಕೇ ನಾನು ಹೇಳೋದು, ಪುಟ್ಟಣ್ಣ ಅವರ ಹಾಡು ಬಂದಾಗ ಫಾರ್ವರ್ಡ್ ಮಾಡ್ಬೇಡಿ ಅಂತ. ಬೇರೆಯವರ ಸಿನಿಮಾದಲ್ಲಿ ಹಾಡು ಅಂದ್ರೆ ಕಥೆಗೆ ಬ್ರೇಕು, ಇವರಲ್ಲಿ ಪಾತ್ರಗಳು ಬಾಯಿಬಿಟ್ಟು ಹೇಳೋಕಾಗದೇ ಇರೋದೆಲ್ಲ ಹಾಡಲ್ಲೇ ಹೊರಗೆ ಬರೋದು.

ಇಷ್ಟೆಲ್ಲ ಆದ್ಮೇಲೆ 'ನಾಗರಹಾವು'. 1972ರ ಕೊನೇಲಿ ಬಂತು. ಇದನ್ನ ಪಕ್ಕಾ ಮಾಸ್ ಸಿನಿಮಾ ಅಂತ ನೋಡೋರೇ ಜಾಸ್ತಿ, ವಿಷ್ಣುವರ್ಧನ್ ಹೀರೋ ಆಗಿದ್ದು ಇದರಿಂದ, ಆ ಹೆಸರು ಕೊಟ್ಟಿದ್ದೂ ಪುಟ್ಟಣ್ಣ ಅವರೇ, ಅಂಬರೀಶ್ ಜಲೀಲನಾಗಿ 'ಬುಲ್ ಬುಲ್' ಅಂತ ಬಂದು ಹೋಗಿದ್ದಿಷ್ಟೇ, ಇವತ್ತಿಗೂ ಜನ ಮರೆತಿಲ್ಲ. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಒಂದು ಸಿನಿಮಾ ಮಾಡಿದ್ರು, ತ.ರಾ.ಸು. ಅವರಿಗೆ ಅದು ಹಿಡಿಸ್ಲಿಲ್ಲ, ನನ್ನ ನಾಗರಹಾವನ್ನ ಕೇರೆಹಾವು ಮಾಡಿಬಿಟ್ರು ಅಂದಿದ್ದು ದೊಡ್ಡ ಸುದ್ದಿ. ಲೇಖಕರ ಬೇಜಾರು ನನಗೆ ಅರ್ಥ ಆಗುತ್ತೆ. ಆದ್ರೂ ಸಿನಿಮಾ ತನ್ನಷ್ಟಕ್ಕೆ ತಾನು ಮಾಡೋ ಕೆಲಸ ಸಣ್ಣದಲ್ಲ.

ಚಾಮಯ್ಯ ಮೇಷ್ಟ್ರನ್ನ ನೋಡಿ. ಅಶ್ವಥ್ ಅವರು ಮಾಡಿದ ಆ ಪಾತ್ರವನ್ನ ಇಡೀ ಕರ್ನಾಟಕ ಗುರು ಅಂತ ತಲೆಮೇಲೆ ಹೊತ್ಕೊಂಡಿದೆ. ವಿಷ್ಣುವರ್ಧನ್ ಮಾಡಿದ ರಾಮಾಚಾರಿ ಊರಲ್ಲಿ ಯಾರ ಮಾತೂ ಕೇಳಲ್ಲ, ಮೇಷ್ಟ್ರು ಹೇಳಿದ್ರೆ ಮಾತ್ರ ಎದುರಾಡಲ್ಲ. ಆ ಮೇಷ್ಟ್ರು ಹೇಳಿದ್ದೇನು? ನೀನು ಪ್ರೀತಿಸ್ತಿರೋ ಅಲಮೇಲುನ ಬಿಟ್ಟುಬಿಡು ಅಂತ. ಜಾತಿ ಬೇರೆ ಅಂತ. ಇವನು ಬಿಡ್ತಾನೆ. ಅವಳು ಬೇರೆ ಮದುವೆ ಆಗಿ ಕೊನೆಗೆ ಮೈ ಮಾರ್ಕೊಂಡು ಬದುಕೋ ಸ್ಥಿತಿಗೆ ಬಂದಿರೋದನ್ನ ರಾಮಾಚಾರಿ ಕಣ್ಣಾರೆ ನೋಡ್ತಾನೆ. ಎರಡನೇ ಸಲ, ಅವನು ಆಮೇಲೆ ಪ್ರೀತಿಸಿದ ಕ್ರಿಶ್ಚಿಯನ್ ಹುಡುಗಿ ಮಾರ್ಗರೆಟ್ ವಿಷಯದಲ್ಲಿ ಮೇಷ್ಟ್ರು ಮತ್ತೆ ಅಡ್ಡ ಬಂದಾಗ ಏನಾಗುತ್ತೆ ಅನ್ನೋದು ಬೆಟ್ಟದ ಮೇಲಿನ ಕ್ಲೈಮ್ಯಾಕ್ಸು. ಅಂದ್ರೆ ಸಿನಿಮಾದಲ್ಲಿ ಅತಿ ಹೆಚ್ಚು ಪ್ರೀತಿಸೋ ಮನುಷ್ಯ, ಒಳ್ಳೆ ಮನಸ್ಸಿಂದಲೇ, ಎರಡು ಜೀವನ ಹಾಳು ಮಾಡೋ ಸಲಹೆ ಕೊಡ್ತಾರೆ. ಗುರು ತಪ್ಪು ಮಾಡ್ದ ಅಂತ ತೋರ್ಸೋದು, ಅದೂ ಶಿಷ್ಯನ ಭಕ್ತಿಯನ್ನ ಒಂಚೂರೂ ಕಮ್ಮಿ ಮಾಡ್ದೆ, ಶಿಳ್ಳೆ ಹೊಡೆಯೋ ಜನರ ಮುಂದೆ, ಇದನ್ನ ಇವತ್ತಿನ ಎಷ್ಟು ದೊಡ್ಡ ಸಿನಿಮಾಗಳು ಮಾಡ್ತವೆ ಹೇಳಿ.

ಅದೇ ಸಿನಿಮಾದಲ್ಲಿ 'ಬಾರೇ ಬಾರೇ' ಹಾಡು ಸ್ಲೋ ಮೋಷನ್ನಲ್ಲಿ ಇದೆ, ಆಗ ನೋಡಿದವರಿಗೆ ಅದೊಂದು ಆಶ್ಚರ್ಯ. ಓಬವ್ವನ ಹಾಡಿಗೆ ಜಯಂತಿ ಅವರಂಥ ಸ್ಟಾರ್ ಹೀರೋಯಿನ್ ಬರೀ ಒಂದು ಹಾಡಿಗೋಸ್ಕರ ಬಂದ್ರು. ಚಿತ್ರದುರ್ಗದ ಕೋಟೆ ಕಲ್ಲುಗಳಂತೂ ರಾಮಾಚಾರಿ ಸಿಟ್ಟಿನ ಜೊತೆ ಬೆರೆತುಹೋಗಿವೆ, ಕೋಟೆಗೆ ಹೋದವರಿಗೆ ಮದಕರಿ ನಾಯಕನ ಜೊತೆ ರಾಮಾಚಾರೀನೂ ನೆನಪಾಗ್ತಾನೆ. ಹಿಂದಿಯಲ್ಲಿ ರಿಷಿ ಕಪೂರ್ ಹಾಕ್ಕೊಂಡು ಇದನ್ನೇ ಅವರೇ ಮಾಡಿದ್ರು, 1974ರಲ್ಲಿ. ಅದನ್ನ ಯಾರೂ ನೆನೆಸ್ಕೊಳ್ಳಲ್ಲ.

'ನಾಗರಹಾವು' ಆದ ಮುಂದಿನ ವರ್ಷಾನೇ, 1973ರಲ್ಲಿ, 'ಎಡಕಲ್ಲು ಗುಡ್ಡದ ಮೇಲೆ'. ಭಾರತೀಸುತರ ಕಾದಂಬರಿ. ಗಂಡ ಯುದ್ಧದಲ್ಲಿ ಗಾಯಗೊಂಡು ದೇಹಸಂಬಂಧ ಸಾಧ್ಯವಿಲ್ಲದ ಹಾಗೆ ಆಗಿದ್ದಾನೆ, ಹೆಂಡತಿ ಮಾಧವಿಗೆ ಆಸೆ ಇದೆ. ಇಷ್ಟನ್ನ ನೇರವಾಗಿ ಇಟ್ಟು, ಅವಳನ್ನ ಕೆಟ್ಟವಳು ಅಂತ ಮಾಡ್ದೆ, 'ವಿರಹಾ ನೂರು ನೂರು ತರಹ' ಹಾಡಿನಲ್ಲಿ ಅವಳ ಒಂಟಿತನ ತೋರಿಸಿದ್ರು. ಸಣ್ಣ ವಯಸ್ಸಲ್ಲಿ ಈ ಹಾಡನ್ನ ರೇಡಿಯೋದಲ್ಲಿ ಕೇಳಿದವರು ಎಷ್ಟೋ ಜನ, ಅದು ಯಾವ ಸನ್ನಿವೇಶದ ಹಾಡು ಅಂತ ದೊಡ್ಡವರಾದ್ಮೇಲೆ ಗೊತ್ತಾಗೋದು.

ಈಗ ನಿಮ್ಮ ಆಕ್ಷೇಪಕ್ಕೆ ಬರ್ತೀನಿ. ಜೋರು ಜೋರು ಅಂದ್ರಲ್ಲ, ಒಪ್ತೀನಿ. ಕೆಲವು ಕಡೆ ಕ್ಯಾಮೆರಾ ಸುಮ್ಸುಮ್ನೆ ಜೂಮ್ ಆಗುತ್ತೆ, ಅಲೆ, ಮರ, ಕಲ್ಲು ತೋರಿಸಿ ನಮಗೆ ಆಗಲೇ ಅರ್ಥ ಆಗಿರೋದನ್ನ ಮತ್ತೆ ಹೇಳ್ತಾರೆ. ಇನ್ನೂ ದೊಡ್ಡ ಆಕ್ಷೇಪ ನನ್ನದೇ ಒಂದಿದೆ: ಅವರ ನಾಯಕಿಯರು ಯಾಕೆ ಸಾಯ್ಬೇಕು, ಇಲ್ಲಾ ಹುಚ್ಚಿಯಾಗ್ಬೇಕು? ಚಂದ್ರಾ ಜೀವ ಕಳ್ಕೋತಾಳೆ, ಕಾವೇರಿ ಮತ್ತೆ ಆಸ್ಪತ್ರೆ ಸೇರ್ತಾಳೆ. ಗೆರೆ ದಾಟಿದವಳಿಗೆ ಇದೇ ಶಿಕ್ಷೆ ಅಂತ ಹೇಳಿದ ಹಾಗಾಗಲ್ವಾ ಅಂತ ತುಂಬ ಸಲ ಅನ್ಸಿದೆ. 'ಎಡಕಲ್ಲು' ವಿಷಯದಲ್ಲಿ ಈ ಮಾತು ಸ್ವಲ್ಪ ನಿಜಾನೂ ಹೌದು. ಆದ್ರೆ 'ಶರಪಂಜರ', 'ಗೆಜ್ಜೆಪೂಜೆ' ಎರಡರಲ್ಲೂ ಕೊನೆಗೆ ಕಟಕಟೇಲಿ ನಿಲ್ಲೋದು ಆ ಹೆಣ್ಣಲ್ಲ, ಸುತ್ತ ಇರೋರು. ಸುಖಾಂತ ಮಾಡಿದ್ರೆ ಪ್ರೇಕ್ಷಕರು ನೆಮ್ಮದಿಯಾಗಿ ಮನೆಗೆ ಹೋಗ್ಬಿಡ್ತಿದ್ರು, ಅದನ್ನ ಅವರು ಕೊಡ್ಲಿಲ್ಲ.

1976ರ 'ಕಥಾಸಂಗಮ' ಬಗ್ಗೆ ಹೇಳ್ಲೇಬೇಕು. ಒಂದೇ ಸಿನಿಮಾದಲ್ಲಿ ಮೂರು ಬೇರೆ ಬೇರೆ ಕಥೆ. ಈಗ ಓಟಿಟಿಯಲ್ಲಿ ಆಂಥಾಲಜಿ ಅಂತ ವಾರಕ್ಕೊಂದು ಬರುತ್ತೆ, ಆಗ ಥಿಯೇಟರಿಗೆ ಬರೋ ಸಿನಿಮಾಗೆ ಹೀಗೆ ಮಾಡೋ ಧೈರ್ಯ ಬೇರೆ. ಗಿರಡ್ಡಿ ಗೋವಿಂದರಾಜರ ಕಥೆ ಒಂದು, ಇನ್ನೊಂದರಲ್ಲಿ ಬಿ. ಸರೋಜಾದೇವಿ, 'ಮುನಿತಾಯಿ'ಯಲ್ಲಿ ಕಣ್ಣು ಕಾಣದ ಹೆಣ್ಣಾಗಿ ಆರತಿ, ಅವಳನ್ನ ಹಿಂಸಿಸೋನಾಗಿ ಇನ್ನೂ ಯಾರಿಗೂ ಗೊತ್ತಿಲ್ಲದ ರಜನೀಕಾಂತ್. 2019ರಲ್ಲಿ ರಿಷಬ್ ಶೆಟ್ಟಿ ಏಳು ನಿರ್ದೇಶಕರನ್ನ ಸೇರಿಸಿ ಇದೇ ಹೆಸರಲ್ಲಿ ಸಿನಿಮಾ ತಂದಿದ್ದು ಪುಟ್ಟಣ್ಣ ಅವರ ಮೇಲಿನ ಗೌರವಕ್ಕೆ.

ಆಮೇಲಿನ ಎಲ್ಲಾ ಸಿನಿಮಾಗಳೂ ಆ ಮಟ್ಟದಲ್ಲಿಲ್ಲ, ಬಿ.ಜಿ.ಎಲ್. ಸ್ವಾಮಿಯವರ 'ಕಾಲೇಜು ರಂಗ' ಸಿನಿಮಾ ಆದಾಗ ಪುಸ್ತಕದ ಮಜಾ ಬರ್ಲಿಲ್ಲ ಅಂತ ನನಗನ್ಸುತ್ತೆ. 1978ರ 'ಪಡುವಾರಳ್ಳಿ ಪಾಂಡವರು' ಬೇರೆ ದಾರಿ, ಹಳ್ಳಿ ಯಜಮಾನಿಕೆ ವಿರುದ್ಧ ಹುಡುಗರು ನಿಲ್ಲೋ ಕಥೆ. ಆದ್ರೆ 1981ರ 'ರಂಗನಾಯಕಿ' ಇದೆಯಲ್ಲ, ಅದು ಪೂರ್ತಿ ಪುಟ್ಟಣ್ಣ. ನಾಟಕ ಕಂಪನಿ ನಟಿ, ಮದುವೆ ಆದ್ಮೇಲೆ ಬಣ್ಣ ಹಚ್ಚಬಾರದು ಅಂತ ಗಂಡ, ಒಂದ್ಸಲ ಹಚ್ಚಿದ್ದಕ್ಕೆ ಮಗು ಕಿತ್ಕೊಂಡು ಹೋಗ್ತಾನೆ, ವರ್ಷಗಳ ನಂತರ ಬೆಳೆದ ಮಗ ತಾಯಿ ಅಂತ ಗೊತ್ತಿಲ್ದೇ ಅವಳನ್ನೇ ಪ್ರೀತಿಸ್ತಾನೆ. ಈ ವಿಷಯ ಇಟ್ಕೊಂಡು ಕನ್ನಡದ ಜನಪ್ರಿಯ ಸಿನಿಮಾ ಮಾಡೋಕೆ ಇವತ್ತು ಯಾವ ಪ್ರೊಡ್ಯೂಸರ್ ಒಪ್ತಾರೆ? ಆರತಿ ಅವರ ಅತ್ಯುತ್ತಮ ಅಭಿನಯ ನನ್ನ ಪ್ರಕಾರ ಇದೇ. 'ಮಾನಸ ಸರೋವರ'ದಲ್ಲಿ ಹುಚ್ಚು ವಾಸಿ ಮಾಡೋ ಡಾಕ್ಟರೇ ಪೇಷೆಂಟನ್ನ ಪ್ರೀತಿಸಿ ಹುಚ್ಚನಾಗ್ತಾನೆ, ಅದನ್ನ ಪುಟ್ಟಣ್ಣ ಅವರ ಸ್ವಂತ ಜೀವನಕ್ಕೆ ತಳುಕು ಹಾಕಿ ಮಾತಾಡೋರು ತುಂಬ ಜನ, ಅದು ಬೇಡ, ಡಾಕ್ಟರ್ ಪಾತ್ರ ಮಾಡಿದ ಶ್ರೀನಾಥ್ ಅವರನ್ನ ನೋಡಿ, ಜಿ.ಎಸ್. ಶಿವರುದ್ರಪ್ಪನವರ 'ಹಾಡು ಹಳೆಯದಾದರೇನು' ಕೇಳಿ ಸಾಕು.

ಪುಟ್ಟಣ್ಣ 1985ರ ಜೂನಲ್ಲಿ ಹೋಗ್ಬಿಟ್ರು, ಐವತ್ತೆರಡೂ ತುಂಬಿರ್ಲಿಲ್ಲ. 'ಮಸಣದ ಹೂವು' ಅರ್ಧದಲ್ಲಿತ್ತು, ಕೆ.ಎಸ್.ಎಲ್. ಸ್ವಾಮಿ ಅವರು ಮುಗಿಸಿದ್ರು. ನಾವೆಲ್ಲ ನಿರೂಪಕಿಯಾಗಿ ನೋಡಿದ ಅಪರ್ಣಾ ಅವರ ಮೊದಲ ಸಿನಿಮಾ ಅದು. ಪುಟ್ಟಣ್ಣ ಅವರ ಹತ್ರ ಅಸಿಸ್ಟೆಂಟ್ ಆಗಿದ್ದ ಭಾರತಿರಾಜ ಆಮೇಲೆ ತಮಿಳಿನ ದೊಡ್ಡ ಡೈರೆಕ್ಟರ್ ಆದ್ರು, ಅಲ್ಲಿ ಏನು ಮಾಡಿದ್ರು ಅಂತ ನಾನು ಹೇಳ್ಬೇಕಾಗಿಲ್ಲ.

ಎಲ್ಲಿಂದ ಶುರು ಮಾಡೋದು ಅಂದ್ರೆ, 'ನಾಗರಹಾವು'ದಿಂದ ಬೇಡ, ಅದರ ಡೈಲಾಗು ಟ್ರೋಲ್‌ಗಳಲ್ಲೇ ಕೇಳಿರ್ತೀರ, ಹೊಸದಾಗಿ ನೋಡೋಕಾಗಲ್ಲ. ಮೊದಲು 'ಶರಪಂಜರ', ಒಬ್ಬರೇ ಕೂತು, ಮೊಬೈಲ್ ಪಕ್ಕಕ್ಕಿಟ್ಟು. ಆಮೇಲೆ 'ಗೆಜ್ಜೆಪೂಜೆ', 'ರಂಗನಾಯಕಿ'. ಆಮೇಲೆ 'ನಾಗರಹಾವು' ನೋಡಿ, ಆಗ ಚಾಮಯ್ಯ ಮೇಷ್ಟ್ರು ಬೇರೆ ಥರ ಕಾಣಿಸ್ತಾರೆ. ಅದನ್ನ ಡಿಜಿಟಲ್ ಮಾಡಿ 2018ರಲ್ಲಿ ಮತ್ತೆ ರಿಲೀಸ್ ಮಾಡಿದ್ರು, ಆ ಪ್ರಿಂಟ್ ಸಿಕ್ಕಿದ್ರೆ ಅದನ್ನೇ ನೋಡಿ. ಉಳಿದವು ಯೂಟ್ಯೂಬಲ್ಲಿ ಸಿಗೋದು ಮಸುಕು ಮಸುಕಾದ ಕಾಪಿಗಳು, ಬಣ್ಣ ಹೋಗಿದೆ, ಕೆಲವು ಕಡೆ ಸೌಂಡ್ ಕಿತ್ತುಹೋಗಿದೆ. ಇಂಥ ಸಿನಿಮಾಗಳನ್ನ ನೆಗೆಟಿವ್ ಹುಡುಕಿ ಸರಿಯಾಗಿ ಉಳಿಸ್ಬೇಕು ಅಂತ ಯಾರಿಗೂ ಅರ್ಜೆಂಟ್ ಇಲ್ಲದೇ ಇರೋದು ನನಗೆ ತುಂಬಾ ನೋವಾಗುತ್ತೆ. 'ಶರಪಂಜರ' ನೋಡಿದ್ಮೇಲೂ ಬರೀ ಅಳು ಅನ್ಸಿದ್ರೆ ಕೆಳಗೆ ಬರೀರಿ, ಯಾವ ಸೀನಲ್ಲಿ ಹಾಗನ್ಸ್ತು ಅಂತ ಹೇಳಿದ್ರೆ ಅಲ್ಲಿಂದಲೇ ಮಾತಾಡೋಣ.